ಪ್ರಬಂಧ ಎಣಿಸಿದರೆ ಸಂಶೋಧನೆ ಅಳೆದಂತಾಯಿತೇ?

ಸಿಇಟಿ ಫಲಿತಾಂಶ ಬಂದರೆ ಮಂಡ್ಯದ ಗುತ್ತಲಿನ ಮನೆಗಳಲ್ಲೂ ಅದೇ ಚರ್ಚೆ: ಕಂಪ್ಯೂಟರ್ ಸೈನ್ಸ್ ಎಲ್ಲಿ ಸಿಗುತ್ತದೆ, ಆ ಕಾಲೇಜಿನ ರ‍್ಯಾಂಕ್ ಎಷ್ಟು? 1962ರಲ್ಲಿ ಕೆ.ವಿ. ಶಂಕರಗೌಡರು ಕಟ್ಟಿದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಮಂಡ್ಯದಲ್ಲೇ ಇದ್ದರೂ ಪಟ್ಟಿ ನೋಡದೆ ಸೀಟು ಆರಿಸುವವರು ಕಡಿಮೆ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಪ್ರಕಟವಾಗುತ್ತಿದೆ. ಎಂಜಿನಿಯರಿಂಗ್ ವಿಭಾಗದಲ್ಲಿ ಬೋಧನೆಗೆ ನೂರಕ್ಕೆ 30 ಅಂಕ, ಸಂಶೋಧನೆಗೂ 30. ಸಂಶೋಧನೆಯ ಅಂಕದಲ್ಲಿ ಬಹುಪಾಲು ಬರುವುದು ಪ್ರಬಂಧಗಳು ಎಷ್ಟು, ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದಿಂದ. ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಎಲ್ಲಕ್ಕೂ ಸೇರಿ ಒಂದೇ ಪಟ್ಟಿ. ಮಂಡ್ಯದವರಿಗೆ ಬಿಡಿಸಿ ಹೇಳಬೇಕಿಲ್ಲ: ಎಷ್ಟು ಲೋಡು ಕಬ್ಬು ಬಂತು ಎಂಬುದು ಒಂದು ಲೆಕ್ಕ, ಅದರಲ್ಲಿ ಸಕ್ಕರೆ ಇಳುವರಿ ಎಷ್ಟು ಎಂಬುದು ಇನ್ನೊಂದು. ಕಂಪ್ಯೂಟರ್ ಸೈನ್ಸ್‌ನಲ್ಲಿ ನಾವು ಲೋಡನ್ನಷ್ಟೇ ಎಣಿಸುತ್ತಿದ್ದೇವೆ.

ಈ ವಿಷಯದ ನಡೆಯೇ ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ನಿಯತಕಾಲಿಕೆಯ ಪ್ರಬಂಧಕ್ಕೇ ಬೆಲೆ. ಸಮ್ಮೇಳನವೆಂದರೆ ಹೋಗಿ ಮಾತಾಡಿ ಬರುವ ಜಾಗ. ಕಂಪ್ಯೂಟರ್ ಸೈನ್ಸ್‌ನಲ್ಲಿ ದೊಡ್ಡ ಸಮ್ಮೇಳನಗಳು ಪೂರ್ತಿ ಪ್ರಬಂಧವನ್ನೇ ತರಿಸಿಕೊಂಡು, ತಜ್ಞರಿಂದ ಓದಿಸಿ, ಸುಮಾರು ಮುಕ್ಕಾಲು ಪಾಲನ್ನು ತಿರಸ್ಕರಿಸುತ್ತವೆ. ಇಂದಿನ ಚಾಟ್‌ಜಿಪಿಟಿಗೆ ತಳಹದಿಯಾದ ಟ್ರಾನ್ಸ್‌ಫಾರ್ಮರ್ ವಿನ್ಯಾಸ ಹೊರಬಂದದ್ದು 2017ರ ಒಂದು ಸಮ್ಮೇಳನದಲ್ಲಿ. ಆದರೆ ನಮ್ಮ ಯುಜಿಸಿಯ 2018ರ ನಿಯಮಾವಳಿ ಎಂಜಿನಿಯರಿಂಗ್ ಅಧ್ಯಾಪಕರ ನಿಯತಕಾಲಿಕೆ ಪ್ರಬಂಧಕ್ಕೆ ತಲಾ 8 ಅಂಕ ಗೊತ್ತುಮಾಡಿದೆ. ಒಳಗೇನಿದೆ ಎಂದು ಅಂಕಪಟ್ಟಿ ಕೇಳುವುದಿಲ್ಲ. ಹಾಗಾದರೆ ಒಳ್ಳೆಯ ಸಮ್ಮೇಳನಗಳ ಪ್ರಬಂಧಗಳನ್ನೇ ಎಣಿಸೋಣ ಎನ್ನಬಹುದು. ಸಿಎಸ್‌ರ‍್ಯಾಂಕಿಂಗ್ಸ್ ಎಂಬ ಅಮೆರಿಕದ ಪಟ್ಟಿ ಮಾಡುವುದು ಅದನ್ನೇ. ಆದರೆ 2014ರಲ್ಲಿ ನಿಪ್ಸ್ ಎಂಬ ಯಂತ್ರಕಲಿಕೆಯ ದೊಡ್ಡ ಸಮ್ಮೇಳನ ಒಂದಷ್ಟು ಪ್ರಬಂಧಗಳನ್ನು ಎರಡು ಸಮಿತಿಗಳಿಗೆ ಪ್ರತ್ಯೇಕವಾಗಿ ಕೊಟ್ಟು ನೋಡಿತು. ಒಂದು ಸಮಿತಿ ಒಪ್ಪಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ತಳ್ಳಿಹಾಕಿತ್ತು!

ಉಲ್ಲೇಖಗಳ ಲೆಕ್ಕ ಇನ್ನೂ ವಿಚಿತ್ರ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ ಎಚ್-ಸೂಚ್ಯಂಕ ಎಲ್ಲೆಡೆ ಚಾಲ್ತಿಯಲ್ಲಿದೆ. ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಸಿಕ್ಕಿದ್ದರೆ ಸೂಚ್ಯಂಕ 10. ಒಂದೇ ಪ್ರಬಂಧ ಬರೆದು ಅದಕ್ಕೆ ಹತ್ತು ಸಾವಿರ ಉಲ್ಲೇಖ ಬಂದವರಿಗೆ ಬರೀ 1. ಜೊತೆಗೆ, ಉಲ್ಲೇಖ ಎಷ್ಟು ಬರುತ್ತದೆಂಬುದು ಆ ಕ್ಷೇತ್ರದಲ್ಲಿ ಎಷ್ಟು ಜನ ಇದ್ದಾರೆಂಬುದನ್ನೂ ಅವಲಂಬಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶ ರೂಪುಗೊಂಡಿದೆ. ಮುದ್ರಿತ ಕನ್ನಡ ಪುಟದ ಚಿತ್ರ ಕೊಟ್ಟರೆ ಅಕ್ಷರ ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಒತ್ತಕ್ಷರ, ಕಾಗುಣಿತ, ಹಳೆಯ ಅಚ್ಚಿನ ಮಸುಕು ಎಲ್ಲವನ್ನೂ ನಿಭಾಯಿಸಬೇಕಾದ ಕಷ್ಟದ ಕೆಲಸ. ಆದರೆ ಕನ್ನಡ ಲಿಪಿಯ ಮೇಲೆ ಸಂಶೋಧನೆ ಮಾಡುವವರೇ ಕೆಲವರು, ಉಲ್ಲೇಖಿಸುವವರು ಎಲ್ಲಿಂದ ಬರಬೇಕು? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡಿಗರು ದಿನವೂ ಬೆರಳಾಡಿಸುತ್ತಾರೆ. ಟೈಪು ಮಾಡುವವರು ಅಡಿಟಿಪ್ಪಣಿ ಬರೆಯುವುದಿಲ್ಲ. ಅಂಕಕ್ಕಾಗಿ ದುಡಿಯುವ ಯುವ ಅಧ್ಯಾಪಕಿ ಜಾಣೆಯಾಗಿದ್ದರೆ ಕನ್ನಡ ಬಿಟ್ಟು ಇಂಗ್ಲಿಷ್ ದತ್ತಾಂಶ ಹಿಡಿಯುತ್ತಾಳೆ. ತಪ್ಪು ಅವಳದಲ್ಲ.

ಎಣಿಕೆ ಸಾಲದೆಂಬ ಈ ವಾದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ಸಂಖ್ಯೆ ಬಿಟ್ಟರೆ ಶಿಫಾರಸು, ಜಾತಿ, ವಶೀಲಿ ಒಳನುಗ್ಗುತ್ತವೆ; ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗನಿಗೆ ಸಂಖ್ಯೆಯೇ ಆಸರೆ ಎನ್ನುತ್ತಾರೆ. ನಿಜ. ಆದರೆ ಸಂಖ್ಯೆಗೂ ದುಡ್ಡಿನ ದಾರಿ ತೆರೆದಿದೆ: ಹಣ ಕಟ್ಟಿದರೆ ಅಚ್ಚು ಹಾಕುವ ಪತ್ರಿಕೆಗಳಿವೆ. ಹಿಂತೆಗೆದುಕೊಂಡ ಪ್ರಬಂಧಗಳಿಗೆ 2025ರಲ್ಲಿ ಎನ್‌ಐಆರ್‌ಎಫ್ ಅಂಕ ಕಳೆಯತೊಡಗಿದ್ದೇ ರೋಗ ಎಷ್ಟು ಬಲಿತಿದೆ ಎಂಬುದಕ್ಕೆ ಸಾಕ್ಷಿ. ಪಕ್ಷಪಾತಕ್ಕೆ ಮದ್ದು ಓದದಿರುವುದಲ್ಲ, ಬಹಿರಂಗವಾಗಿ ಓದುವುದು.

ಕಂಪ್ಯೂಟರ್ ಸೈನ್ಸ್‌ನಲ್ಲಿ ಅದಕ್ಕೊಂದು ಅನುಕೂಲವೂ ಇದೆ. ಕೋಡ್ ಕೊಟ್ಟರೆ ಯಾರಾದರೂ ಓಡಿಸಿ ನೋಡಬಹುದು. ಕನ್ನಡ ಮಾತು ಗುರುತಿಸುವ ತಂತ್ರಾಂಶಕ್ಕೆ ಮಳವಳ್ಳಿಯ ಮಾತು ತಿಳಿಯುತ್ತದೆಯೇ ಎಂದು ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಬ್ರಿಟನ್ ತನ್ನ 2021ರ ಮೌಲ್ಯಮಾಪನದಲ್ಲಿ ತಜ್ಞ ಸಮಿತಿಗಳನ್ನು ಕೂರಿಸಿ ಕೃತಿಗಳನ್ನೇ ಓದಿಸಿತು, ವಿಶ್ವವಿದ್ಯಾಲಯದ ಹೊರಗೆ ಆದ ಪರಿಣಾಮಕ್ಕೆ ನೂರಕ್ಕೆ 25 ಅಂಕ ಇಟ್ಟಿತು. ಅದು ದುಬಾರಿ ಪದ್ಧತಿ, ದೇಶಕ್ಕೆಲ್ಲ ಒಮ್ಮೆಲೇ ತರಲಾಗದು. ಆದರೆ ನಮ್ಮ ವಿಶ್ವವಿದ್ಯಾಲಯಗಳು ತಮ್ಮದೇ ಸಂಶೋಧನಾ ಅನುದಾನ ಹಂಚುವಾಗಲಾದರೂ ಪ್ರತಿ ಅಧ್ಯಾಪಕರಿಂದ ಅವರೇ ಆರಿಸಿದ ಮೂರು ಕೆಲಸಗಳನ್ನು ಕೋಡ್ ಸಮೇತ ತರಿಸಿಕೊಳ್ಳಲಿ, ಹೊರಗಿನ ಇಬ್ಬರಿಂದ ಓದಿಸಲಿ, ಅವರ ಅಭಿಪ್ರಾಯವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಇಷ್ಟಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.