ಕೃಷಿ ಹೊಂಡಕ್ಕೆ ಜಾರಿದ ಮಗು ಯಾಕೆ ಹತ್ತಿ ಬರಲ್ಲ?

ರಜೆಗೆ ಅಂತ ತಮ್ಮನನ್ನೋ ತಂಗಿಯನ್ನೋ ಕರ್ಕೊಂಡು ಊರಿಗೆ ಹೊರಟಿದ್ದೀರಾ? ಹಾಗಾದ್ರೆ ಎರಡು ನಿಮಿಷ ಇದನ್ನ ಕೇಳಿ.

ಹೋದ ವರ್ಷ ಚಿಕ್ಕಪ್ಪನ ಹೊಲದಲ್ಲಿ ಒಂದು ಬಕೆಟ್ ನೀರು ತರೋಣ ಅಂತ ಕೃಷಿ ಹೊಂಡಕ್ಕೆ ಇಳಿದೆ. ಎರಡನೇ ಹೆಜ್ಜೆಗೇ ಜಾರಿ ಬಿದ್ದೆ. ನನಗೆ ಈಜು ಬರುತ್ತೆ. ಆದ್ರೂ ಮೇಲೆ ಹತ್ತೋಕೆ ಆಗ್ಲಿಲ್ಲ. ಕೈ ಇಟ್ಟಲ್ಲೆಲ್ಲ ಪ್ಲಾಸ್ಟಿಕ್, ಅದರ ಮೇಲೆ ಪಾಚಿ. ಕೊನೆಗೆ ಚಿಕ್ಕಪ್ಪ ಪೈಪ್ ಎಸೆದು ಎಳೆದ್ರು. ದಡದಲ್ಲಿ ಅವರ ಆರು ವರ್ಷದ ಮಗಳು ನಿಂತಿದ್ಲು. ಅವಳು ಬಿದ್ದಿದ್ರೆ ಅಂತ ನೆನೆದು ಎದೆ ಝಲ್ ಅಂತು.

ಕರ್ನಾಟಕದಲ್ಲಿ 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಮಳೆಯನ್ನೇ ನಂಬಿದ ಊರುಗಳಲ್ಲಿ ಸಾವಿರಾರು ಹೊಂಡಗಳು ಬಂದವು. ನೀರು ಇಂಗಿ ಹೋಗದಿರಲಿ ಅಂತ ತಳಕ್ಕೂ ನಾಲ್ಕು ಬದಿಗೂ ಪ್ಲಾಸ್ಟಿಕ್ ಹಾಳೆ ಹಾಸ್ತಾರೆ. ಬೆಳೆಗೆ ಅದು ವರ. ಆದರೆ ಕೆರೆಯಲ್ಲಿರೋ ಹಾಗೆ ಕಾಲೂರೋಕೆ ಮಣ್ಣಿಲ್ಲ, ಹಿಡಿಯೋಕೆ ಗಿಡವಿಲ್ಲ. ಇಳಿಜಾರು ಬೇರೆ.

ಇನ್ನೊಂದು ವಿಷಯ. ಮುಳುಗೋ ಮಗು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗಲ್ಲ. ಉಸಿರಿಗೇ ಒದ್ದಾಡುವಾಗ ಕೂಗೋಕೆ ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಹಾಗಾದ್ರೆ ಏನು ಮಾಡೋದು? ಮೊದಲು, ಹೊಂಡದ ಸುತ್ತ ಬೇಲಿ, ಬಾಗಿಲಿಗೆ ಚಿಲಕ. ಎರಡನೇದು, ದಡದಲ್ಲಿ ಗಟ್ಟಿ ಗೂಟ ನೆಟ್ಟು, ಗಂಟು ಹಾಕಿದ ಹಗ್ಗವನ್ನ ನೀರಿನವರೆಗೂ ಇಳಿಬಿಡಿ. ಮೂರನೇದು, ಮಕ್ಕಳು ನೀರಿನ ಹತ್ತಿರ ಇದ್ದಾಗ ದೊಡ್ಡವರೊಬ್ಬರು ಕೈಗೆ ಸಿಗೋಷ್ಟು ಹತ್ತಿರ ಇರಬೇಕು. ಫೋನು ಜೇಬಿನಲ್ಲೇ ಇರಲಿ.

ಯಾರಾದ್ರೂ ಬಿದ್ರೆ ತಕ್ಷಣ ಹಾರಬೇಡಿ. ಕಾಪಾಡೋಕೆ ಹೋದವರೂ ಅದೇ ಪ್ಲಾಸ್ಟಿಕ್ ಮೇಲೆ ಜಾರ್ತಾರೆ. ಜೋರಾಗಿ ಕೂಗಿ ಜನ ಸೇರಿಸಿ. ಹಗ್ಗ, ಪೈಪ್, ಸೀರೆ, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಏನು ಸಿಗುತ್ತೋ ಅದನ್ನ ಎಸೀರಿ.

ಮೇಲೆ ತಂದ ಮೇಲೆ ಹೊಟ್ಟೆ ಒತ್ತೋದು, ತಲೆಕೆಳಗು ಮಾಡಿ ತಿರುಗಿಸೋದು ಬೇಡ. ಅದರಿಂದ ಹೊಟ್ಟೆಯಲ್ಲಿರೋದು ಶ್ವಾಸಕೋಶಕ್ಕೆ ಹೋಗಬಹುದು, ಸಮಯವೂ ಹಾಳು. ಉಸಿರಿಲ್ಲದಿದ್ರೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ ಎದೆ ಒತ್ತಿ: 30 ಸಲ ಒತ್ತಿದರೆ ಎರಡು ಉಸಿರು. ಜೊತೆಯಲ್ಲಿರೋರು 112ಕ್ಕೆ ಕರೆ ಮಾಡಲಿ.

ಚಿಕ್ಕಪ್ಪನ ಹೊಂಡಕ್ಕೆ ಈಗ ಬೇಲಿ ಇದೆ, ಹಗ್ಗವೂ ಇದೆ. ಊರಿಗೆ ಹೋದ ತಕ್ಷಣ ನೀವೂ ಒಂದು ಮಾತು ಕೇಳಿ: ನಮ್ಮ ಹೊಂಡದ ಹಗ್ಗ ಎಲ್ಲಿ?