ಆರಂಭಿಕ ಶಿಲ್ಕಿಲ್ಲದೆ ಒಳಬಿರುಕಿನ ಲೆಕ್ಕವಿಲ್ಲ

ಮಡಕೆ ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾಳೆ. ತೆಂಗಿನಕಾಯಿಯ ವ್ಯಾಪಾರಿಯೂ ಹಾಗೆಯೇ. ಕಣ್ಣಿಗೆ ಕಾಣದ ದೋಷವು ಕಿವಿಗೆ ಕೇಳುವುದೆಂಬ ಅನುಭವ ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪೇಟೆಗಳಿಗೆ ಹೊಸದಲ್ಲ. ಇದೇ ತತ್ತ್ವವು ಫೈಬರ್‌ಗ್ಲಾಸ್ ಮತ್ತು ಕಾರ್ಬನ್ ನಾರಿನ ಸಂಯುಕ್ತ ಫಲಕಗಳ ಪರೀಕ್ಷೆಯಲ್ಲಿ ಶಾಸ್ತ್ರೀಯ ರೂಪ ತಾಳಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಕ್ಷಿದಾರರೊಬ್ಬರು ಬಳಸಿದ ಫೈಬರ್‌ಗ್ಲಾಸ್ ತೊಟ್ಟಿಯೊಂದನ್ನು ಖರೀದಿಸಿದರು. ಹೊರಮೈ ನುಣುಪಾಗಿತ್ತು. ವರ್ಷ ತುಂಬುವುದರೊಳಗೆ ಅದು ಸೋರತೊಡಗಿತು. ಸಾಗಣೆಯಲ್ಲಿ ಪೆಟ್ಟು ಬಿದ್ದಿದೆಯೆಂದು ಮಾರಿದವರು, ಮೊದಲೇ ದೋಷವಿತ್ತೆಂದು ಕೊಂಡವರು. ಇಬ್ಬರ ಬಳಿಯೂ ದಾಖಲೆಯಿರಲಿಲ್ಲ. ಲೆಕ್ಕ ಪರಿಶೋಧಕನಾದ ನಾನು ಬಿಲ್ಲನ್ನೂ ಸವಕಳಿಯ ದರವನ್ನೂ ನೋಡಿದ್ದೆನೇ ಹೊರತು ತೊಟ್ಟಿಯನ್ನಲ್ಲ. ಕೊನೆಗೆ ಅದರ ಮೌಲ್ಯವನ್ನು ನಷ್ಟಕ್ಕೆ ಬರೆಯಬೇಕಾಯಿತು.

ಲೋಹದ ತಗಡಿಗೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ಸಂಯುಕ್ತ ಫಲಕವಾದರೋ ನಾರಿನ ಪದರಗಳನ್ನು ರಾಳದಿಂದ ಅಂಟಿಸಿದ್ದು. ಕೈಜಾರಿ ಬಿದ್ದ ಒಂದು ಸಲಕರಣೆಯಿಂದಲೂ ಹೊರಗೆ ಗುರುತಿಲ್ಲದೆ ಒಳಪದರಗಳು ಬಿಟ್ಟುಕೊಳ್ಳಬಹುದು. ಒತ್ತಡವನ್ನು ತಾಳುವ ಬಲ ಕುಗ್ಗಬಹುದು.

ಇದನ್ನು ಹಿಡಿಯುವ ಬಗೆ ಹೀಗಿದೆ. ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಸೇರುವಲ್ಲಿ, ನೀರು ತಿಳಿಯಾಗಿ ನಿಂತ ಕಡೆ ಕಲ್ಲೆಸೆದರೆ ಅಲೆಗಳು ಹರಡಿ, ಬಂಡೆಗೆ ತಾಗಿ ಮರಳುತ್ತವೆ. ಹಾಗೆಯೇ ಫಲಕಕ್ಕೆ ಅಂಟಿಸಿದ ಚಿಕ್ಕ ಪೀಜೋ ಬಿಲ್ಲೆಯೊಂದು ಕಿವಿಗೆ ಕೇಳದ ಕಂಪನವನ್ನು ಹೊರಡಿಸುತ್ತದೆ. ಫಲಕದ ಎರಡು ಮೈಗಳ ನಡುವೆಯೇ ಸಾಗುವ ಈ ನಿರ್ದೇಶಿತ ತರಂಗವು ದೂರದವರೆಗೆ ಹೋಗಬಲ್ಲದು. ಬಿಟ್ಟ ಪದರ ಎದುರಾದಾಗ ಚದುರುತ್ತದೆ, ತಡವಾಗುತ್ತದೆ, ಕ್ಷೀಣಿಸುತ್ತದೆ. ಇನ್ನೊಂದು ಬಿಲ್ಲೆಯು ಅದನ್ನು ಗ್ರಹಿಸುತ್ತದೆ. ಇಂಚಿಂಚೂ ತಡಕುವ ಅಗತ್ಯವಿಲ್ಲ. ಇಂಥ ತರಂಗಗಳನ್ನು 1917ರಲ್ಲಿ ಗಣಿತದಿಂದ ವಿವರಿಸಿದವರು ಇಂಗ್ಲೆಂಡಿನ ಹೊರೇಸ್ ಲ್ಯಾಂಬ್.

ನಮ್ಮ ನಾಡಿಗೂ ಇದು ದೂರದ ವಿಷಯವಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದ ರೆಕ್ಕೆ ಕಾರ್ಬನ್ ನಾರಿನದು. ಅದರ ಸಂಯುಕ್ತ ಭಾಗಗಳಿಗಾಗಿ ದುಡಿದ ಸಂಸ್ಥೆಗಳಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವೂ ಒಂದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ತರಂಗಗಳ ಕುರಿತು ಸಂಶೋಧನೆ ನಡೆದಿದೆ.

ಆದರೆ ವರ್ತಕ ಬಾಂಧವರು ಗಮನಿಸಬೇಕಾದ ಅಂಶ ಬೇರೊಂದಿದೆ. ಈ ವಿಧಾನದಲ್ಲಿ ಸಾಮಾನ್ಯವಾಗಿ ಇಂದಿನ ಸಂಕೇತವನ್ನು ಫಲಕವು ಸುಸ್ಥಿತಿಯಲ್ಲಿದ್ದಾಗ ಪಡೆದ ಸಂಕೇತದೊಡನೆ ತಾಳೆ ನೋಡುತ್ತಾರೆ. ಮೊದಲ ದಾಖಲೆಯೇ ಆರಂಭಿಕ ಶಿಲ್ಕು. ಅದಿಲ್ಲದಿದ್ದರೆ ವ್ಯತ್ಯಾಸವನ್ನು ಯಾವುದರಿಂದ ಕಳೆಯುವುದು? ಉಷ್ಣತೆ ಬದಲಾದರೂ ತರಂಗದ ವೇಗ ಬದಲಾಗುವುದರಿಂದ ಅದನ್ನೂ ನಮೂದಿಸಬೇಕು. ತೊಟ್ಟಿಯಲ್ಲಿ ದ್ರವವಿದ್ದರೆ ತರಂಗದ ಶಕ್ತಿ ಅದಕ್ಕೂ ಸೋರುತ್ತದೆ. ಆದ್ದರಿಂದ ಖಾಲಿ ತೊಟ್ಟಿಯನ್ನು ಖಾಲಿ ತೊಟ್ಟಿಯೊಡನೆಯೇ ಹೋಲಿಸತಕ್ಕದ್ದು.

ಸಣ್ಣ ಕಾರ್ಖಾನೆಯವರು ನಾಳೆಯೇ ಈ ಉಪಕರಣ ಕೊಳ್ಳಬೇಕೆಂದು ನಾನು ಹೇಳಲಾರೆ. ಫೈಬರ್‌ಗ್ಲಾಸ್ ಸರಕು ತಯಾರಿಸುವವರು ಅಚ್ಚಿನ ಕ್ರಮಾಂಕ, ಪದರಗಳ ಸಂಖ್ಯೆ, ದಪ್ಪ, ತಟ್ಟಿ ನೋಡಿದ ಫಲಿತಾಂಶ ಇವಿಷ್ಟನ್ನಾದರೂ ರವಾನೆಯ ದಿನವೇ ಬರೆದಿಡಲಿ. ಕೊಳ್ಳುವವರು ಬಿಲ್ಲಿನೊಡನೆ ಅದರ ಪ್ರತಿಯನ್ನು ಕೇಳಿ ಪಡೆಯಲಿ. ಸವಕಳಿಯನ್ನು ನಾವು ವರ್ಷದ ಲೆಕ್ಕದಲ್ಲಿ ಹಾಕುತ್ತೇವೆ. ಪೆಟ್ಟು ವರ್ಷವನ್ನು ನೋಡಿ ಬೀಳುವುದಿಲ್ಲ.