ಹಿತ್ತಾಳೆಗೆ ಹುಣಸೆ ಮಿತ್ರ, ಅಮೋನಿಯಾ ಶತ್ರು

ಹಬ್ಬ ಬಂತೆಂದರೆ ತಿರುಮಕೂಡಲು ನರಸೀಪುರದ ಮನೆಗಳಲ್ಲಿ ಹಿತ್ತಾಳೆಯ ದೀಪ, ಚೊಂಬುಗಳಿಗೆ ಹುಣಸೆಹಣ್ಣಿನ ಉಪಚಾರ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಲೋಹದ ಹಳದಿ ಹೊಳಪು ಮರಳುತ್ತದೆ.

ಬಂದೂಕಿನ ಕಾಡತೂಸಿನ ಕವಚವೂ ಹಿತ್ತಾಳೆಯದೇ. ಅದರಲ್ಲಿ ತಾಮ್ರ ಸುಮಾರು ಶೇ. 70, ಸತು ಶೇ. 30. ಅಮೆರಿಕದಂಥ ದೇಶಗಳಲ್ಲಿ ಶೂಟಿಂಗ್ ಹವ್ಯಾಸಿಗಳು ಖಾಲಿ ಕವಚಕ್ಕೆ ಮತ್ತೆ ಮದ್ದು ತುಂಬಿ ಬಳಸುತ್ತಾರೆ. ಅದಕ್ಕೆ ಮೊದಲು ಮಸಿ ಹೋಗಬೇಕು. ತಿರುಗುವ ಪೀಪಾಯಿಯಲ್ಲಿ ಕವಚಗಳ ಜೊತೆ ನೀರು, ಸೋಪು, ಚಿಟಿಕೆ ಸಿಟ್ರಿಕ್ ಆಮ್ಲ ಹಾಗೂ ಸಣ್ಣ ಉಕ್ಕಿನ ಕಡ್ಡಿಗಳನ್ನು ಹಾಕಿ ಕೆಲವು ಗಂಟೆ ಉರುಳಿಸುತ್ತಾರೆ. ಕಡ್ಡಿ ಉಜ್ಜುತ್ತದೆ, ಆಮ್ಲ ಕರಗಿಸುತ್ತದೆ. ನಮ್ಮ ಅಡುಗೆಮನೆಯ ನಾರು-ಹುಣಸೆಯ ಜೋಡಿಯೂ ಮಾಡುವುದು ಇದನ್ನೇ. ಹೊಳಪು ಬಂದ ಮೇಲೆ ಬಿರುಕು ಹುಡುಕುವುದು ಮುಖ್ಯ ಕೆಲಸ. ಬಿರುಕು ಬಿಟ್ಟದ್ದು ಗುಜರಿಗೆ.

ಈ ಬಿರುಕಿನ ಹಿಂದೆ ಭಾರತದ ಕಥೆಯೊಂದಿದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಮುಗಿಯುವವರೆಗೆ ಕುದುರೆ ಲಾಯಗಳಲ್ಲಿ ಇಟ್ಟ ಕಾಡತೂಸುಗಳು ತಾವಾಗಿಯೇ ಸೀಳುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತಾಮ್ರದ ಮೇಲೆ ದಾಳಿಯಿಡುತ್ತಿತ್ತು. ಕವಚ ತಯಾರಿಸುವಾಗ ಲೋಹದೊಳಗೆ ಉಳಿದ ಬಿಗಿತ ಅಲ್ಲಿಯೇ ಸೀಳು ತೆರೆಯುತ್ತಿತ್ತು. ಕವಚವನ್ನು ಹದವಾಗಿ ಕಾಯಿಸಿ ಬಿಗಿತ ಸಡಿಲಿಸುವುದೇ ಪರಿಹಾರವಾಯಿತು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಹೊಲದಲ್ಲೋ ಕಾಡಂಚಿನಲ್ಲೋ ಕಾಡತೂಸು ಕಂಡರೆ ಮಕ್ಕಳು ಮುಟ್ಟದೆ ದೊಡ್ಡವರಿಗೆ ಹೇಳಬೇಕು, ದೊಡ್ಡವರು ಪೊಲೀಸರಿಗೆ. ಪ್ರಯೋಗದ ಆಸೆಗೆ ಮನೆಯ ಹಳೆಯ ದೀಪ ಸಾಕು: ಅರ್ಧಕ್ಕೆ ಹುಣಸೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು ನೋಡಿ.